ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು

ಹೆತ್ತವರು ಮಕ್ಕಳ ಹೆಸರಿಗೆ ಬರೆದುಕೊಡುವ ದಾನಪತ್ರದ ಒಕ್ಕಣೆ ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಒಂದೇ. ‘ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾವುದೇ ಪ್ರತಿಫಲವಿಲ್ಲದೆ’ ಎಂದು ಶುರುವಾಗುತ್ತದೆ. ‘ಇಂದಿನಿಂದ ಈ ಸ್ವತ್ತಿಗೆ ನೀವೇ ಸರ್ವಸ್ವತಂತ್ರ ಮಾಲೀಕರು, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಇದರಲ್ಲಿ ಯಾವ ಹಕ್ಕೂ ಇರುವುದಿಲ್ಲ’ ಎಂದು ಮುಗಿಯುತ್ತದೆ. ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಮಾದರಿ ಸಿದ್ಧವಾಗಿಯೇ ಇರುತ್ತದೆ. ಹೆಸರು, ಸರ್ವೆ ನಂಬರು, ಚಕ್ಕುಬಂದಿ ಬದಲಾಯಿಸಿದರೆ ಕೆಲಸ ಮುಗಿಯಿತು. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವೂ ಸ್ವತ್ತಿನ ಬೆಲೆಗೆ ತಕ್ಕಂತೆ ಏರುವುದಿಲ್ಲ, ನಿಗದಿಯಾದ ಸಣ್ಣ ಮೊತ್ತ. ಹಾಗಾಗಿ ಜೀವಮಾನದ ಗಳಿಕೆಯೊಂದು ಕೈ ಬದಲಾಗಲು ಅರ್ಧ ದಿನ ಸಾಕು. ಆ ಪತ್ರದಲ್ಲಿ ಇರದ ವಿಷಯ ಒಂದೇ: ಬರೆದುಕೊಟ್ಟವರನ್ನು ಇನ್ನು ಮುಂದೆ ಯಾರು ನೋಡಿಕೊಳ್ಳಬೇಕು ಎಂಬುದು. ಕೊಡುವವರ ಮನಸ್ಸಿನಲ್ಲಿ ಅದು ಇರುತ್ತದೆ, ಬಹುತೇಕ ಸಲ ಪಡೆಯುವವರ ಮನಸ್ಸಿನಲ್ಲೂ ಇರುತ್ತದೆ. ಕಾಗದದಲ್ಲಿ ಮಾತ್ರ ಇರುವುದಿಲ್ಲ. ಮುಪ್ಪಿನ ಆಸ್ತಿ ತಗಾದೆಗಳನ್ನು ನಾವು ಮಕ್ಕಳ ಕೃತಘ್ನತೆಯ ಕಥೆಗಳಾಗಿಯೇ ಓದಿ ಹಲುಬುತ್ತೇವೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಹಲವು ತಗಾದೆಗಳ ಬೇರು ಈ ಪತ್ರದಲ್ಲಿದೆ: ನಂಬಿದ್ದು ಒಂದು, ಬರೆದದ್ದು ಅದಕ್ಕೆ ತದ್ವಿರುದ್ಧ.

‘ಈಗ ಕಾನೂನು ಬಂದಿದೆಯಲ್ಲ, ನೋಡಿಕೊಳ್ಳದಿದ್ದರೆ ಆಸ್ತಿ ವಾಪಸ್ ತಗೋಬಹುದಂತೆ’ ಎಂಬ ಧೈರ್ಯ ಇತ್ತೀಚೆಗೆ ಹಬ್ಬಿದೆ. ಅದು ಹುಟ್ಟಿದ್ದು 2007ರ ತಂದೆ–ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಿಂದ. ಅರವತ್ತು ದಾಟಿದವರು, ಯಾವ ವಯಸ್ಸಿನವರಾದರೂ ತಂದೆ–ತಾಯಿ, ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಪೋಷಣೆ ಕೇಳಬಹುದು. ವಕೀಲರಿಗೆ ಪ್ರವೇಶವಿಲ್ಲ ಎಂದು ಕಾಯ್ದೆ ಹೇಳುತ್ತದೆ, ನೋಟಿಸ್ ಜಾರಿಯಾದ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು ಎನ್ನುತ್ತದೆ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅವಕಾಶ ಕೊಡುತ್ತದೆ. ಮೇಲ್ಮನವಿ ಜಿಲ್ಲಾಧಿಕಾರಿಯ ಬಳಿ. ಈ ಕಾಯ್ದೆಯ 23ನೇ ಕಲಮೇ ಆಸ್ತಿ ವಾಪಸಿನ ಕಲಂ. 2025ರ ಮಾರ್ಚಿನಲ್ಲಿ ನಮ್ಮ ವೈದ್ಯಕೀಯ ಶಿಕ್ಷಣ ಸಚಿವರು, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆತ್ತವರನ್ನು ಬಿಟ್ಟುಹೋಗುವ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಿ, ಅವರಿಗೆ ಆಗಿರುವ ಆಸ್ತಿ ವರ್ಗಾವಣೆ ರದ್ದಾಗಲಿ ಎಂದು ಸೂಚಿಸಿದಾಗ ಅವರ ಕೈಯಲ್ಲಿದ್ದ ಅಸ್ತ್ರವೂ ಇದೇ. ಆದರೆ ಕಲಮಿನ ಮಾತನ್ನು ನಿಧಾನವಾಗಿ ಓದಿದರೆ ಅಲ್ಲೊಂದು ಷರತ್ತು ಎದುರಾಗುತ್ತದೆ. ಹಿರಿಯರು ಮಾಡಿದ ಎಲ್ಲ ದಾನಕ್ಕೂ ಅದು ಅನ್ವಯಿಸುವುದಿಲ್ಲ. ತಮಗೆ ಮೂಲ ಸೌಕರ್ಯ ಒದಗಿಸಿ ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿಗೆ ಒಳಪಟ್ಟು ಕೊಟ್ಟಿದ್ದರೆ, ಪಡೆದವರು ಆ ಷರತ್ತನ್ನು ಮುರಿದಿದ್ದರೆ, ಆಗ ಮಾತ್ರ ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಅನುಚಿತ ಪ್ರಭಾವದಿಂದಲೋ ಆದದ್ದೆಂದು ಭಾವಿಸಿ ರದ್ದು ಮಾಡಬಹುದು.

ಈ ಷರತ್ತು ಬರಹದಲ್ಲಿ ಇರಲೇಬೇಕೇ? ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2022ರ ಡಿಸೆಂಬರಿನಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ, ತಾಯಿ ಹೆಣ್ಣುಮಕ್ಕಳ ಪರವಾಗಿ ಮಾಡಿಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರವನ್ನು ಕೆಳಗಿನ ಪ್ರಾಧಿಕಾರ ರದ್ದು ಮಾಡಿತ್ತು. ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಅಭಯ್ ಓಕಾ ಅವರ ಪೀಠ ಆ ಆದೇಶವನ್ನು ತೆಗೆದುಹಾಕಿತು. ಹೆತ್ತವರು ಮಕ್ಕಳಿಗೆ ಕೊಡುವಾಗ ಮರುನಿರೀಕ್ಷೆಯಿಲ್ಲದೆ ಪ್ರೀತಿಯಿಂದಲೇ ಕೊಡುವುದುಂಟು, ಷರತ್ತು ಇತ್ತೆಂದು ಹೇಳುವವರು ಅದನ್ನು ಸಾಬೀತು ಮಾಡಬೇಕು ಎಂಬುದು ಆ ತೀರ್ಪಿನ ಸಾರ. 2025ರ ಜನವರಿ 2ರಂದು ಮಧ್ಯಪ್ರದೇಶದ ಛತರ್‌ಪುರದ ತಾಯಿಯೊಬ್ಬರ ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ಸಂಜಯ್ ಕರೋಲ್ ಅವರ ಪೀಠ, ಇದು ಹಿರಿಯರ ಹಿತಕ್ಕಾಗಿ ಬಂದ ಕಾಯ್ದೆ, ಉದಾರವಾಗಿ ಅರ್ಥೈಸಬೇಕು ಎಂದು ದಾನಪತ್ರವನ್ನು ರದ್ದು ಮಾಡಿತು. 1968ರಲ್ಲಿ ಕೊಂಡ ಆಸ್ತಿಯನ್ನು ಫೆಬ್ರವರಿ 28ರೊಳಗೆ ತಾಯಿಗೆ ಮರಳಿಸಬೇಕೆಂದೂ ಹೇಳಿತು. ಪತ್ರಿಕೆಗಳ ಶೀರ್ಷಿಕೆಗಳು ಹಿಡಿದದ್ದು ಈ ಎರಡನೆಯದನ್ನು. ಅವು ಬಿಟ್ಟ ಒಂದು ವಿವರ ಇಡೀ ಪ್ರಕರಣದ ಕೀಲಿ. ದಾನಪತ್ರದ ದಿನವೇ ಮಗ ತಾಯಿಗೆ ಒಂದು ವಚನಪತ್ರ ಬರೆದುಕೊಟ್ಟಿದ್ದ. ಕೊನೆಯವರೆಗೆ ನೋಡಿಕೊಳ್ಳುತ್ತೇನೆ, ಇಲ್ಲದಿದ್ದರೆ ದಾನವನ್ನು ಹಿಂಪಡೆಯಬಹುದು ಎಂದು ಅದರಲ್ಲಿತ್ತು. ಅದು ಸೃಷ್ಟಿಸಿದ ಕಾಗದ ಎಂದು ಮಗ ವಾದಿಸಿದ, ಹೈಕೋರ್ಟಿನ ವಿಭಾಗೀಯ ಪೀಠ ಅವನ ಪರವಾಗಿಯೇ ತೀರ್ಪಿತ್ತಿತ್ತು. ಕೊನೆಗೂ ತಾಯಿಯನ್ನು ಉಳಿಸಿದ್ದರಲ್ಲಿ ನ್ಯಾಯಾಲಯದ ಔದಾರ್ಯಕ್ಕೆ ಎಷ್ಟು ಪಾಲಿದೆಯೋ ಆ ಹಾಳೆಗೂ ಅಷ್ಟೇ ಪಾಲಿದೆ. ಎರಡು ತೀರ್ಪುಗಳ ನಡುವೆ ಕಾನೂನಿನ ಧೋರಣೆ ಬದಲಾಗಿದೆ ಎಂದು ವಾದಿಸಬಹುದು. ಆದರೆ ಬರಹವಿದ್ದ ತಾಯಿ ಗೆದ್ದರು, ತೋರಿಸಲು ಏನೂ ಇಲ್ಲದ ತಾಯಿ ಸೋತರು ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಗೆಲ್ಲುವುದೂ ಸುಲಭದ ದಾರಿಯಲ್ಲ. ಉಪವಿಭಾಗಾಧಿಕಾರಿ ಎಂದರೆ ಭೂಸ್ವಾಧೀನ, ಕಂದಾಯದ ಮೇಲ್ಮನವಿ, ಚುನಾವಣೆ, ಕಾನೂನು ಸುವ್ಯವಸ್ಥೆ ಎಲ್ಲವನ್ನೂ ಹೊತ್ತ ಅಧಿಕಾರಿ. ಹಿರಿಯರ ಅರ್ಜಿ ಆ ರಾಶಿಯಲ್ಲಿ ಒಂದು. ಅಷ್ಟರಲ್ಲಿ ಮಗ ಸ್ವತ್ತನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ, ವಿಷಯ ತಿಳಿಯದೆ ಪೂರ್ತಿ ಬೆಲೆ ಕೊಟ್ಟು ಕೊಂಡ ಮೂರನೆಯವರಿಗೆ ಮಾರಿದ್ದರೆ, ಲೆಕ್ಕವೇ ಬೇರೆ. ಇನ್ನೊಂದು ತೊಡಕು ನಮ್ಮ ಬೆಂಗಳೂರಿನದೇ. ಮನೆಯೊಂದನ್ನು ಗಂಡ ತನ್ನ ತಂದೆಗೆ ಮಾರಿದ್ದ, ತಂದೆ ತನ್ನ ಹೆಂಡತಿಗೆ ದಾನ ಮಾಡಿದ್ದರು, ಗಂಡಹೆಂಡಿರ ನಡುವೆ ವಿಚ್ಛೇದನದ ವ್ಯಾಜ್ಯ ನಡೆದಿತ್ತು. ಅತ್ತೆಮಾವ ಹಿರಿಯರ ಕಾಯ್ದೆಯಡಿ ಅರ್ಜಿ ಹಾಕಿ ಸೊಸೆಯನ್ನು ಹೊರಹಾಕುವ ಆದೇಶ ಪಡೆದರು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಡುವ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ತ್ವರಿತ ವಿಚಾರಣೆಯಿಂದ ಅಳಿಸಿಹಾಕುವಂತಿಲ್ಲ, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಅಂದರೆ ಹಿರಿಯರ ಹೆಸರಿನ ಅರ್ಜಿಯ ಹಿಂದೆ ನಿಜವಾಗಿ ಯಾರಿದ್ದಾರೆ ಎಂದು ಅಧಿಕಾರಿ ಹುಡುಕಬೇಕಾದ ಸಂದರ್ಭಗಳೂ ಇವೆ. ಒಬ್ಬ ಮಗನ ಮೇಲೆ ಇನ್ನೊಬ್ಬ ಮಗ ಅಪ್ಪನ ಕೈಯಿಂದ ಅರ್ಜಿ ಹಾಕಿಸುವುದು ಯಾವ ಊರಿಗೂ ಹೊಸದಲ್ಲ. ಹೀಗೆ ಅನುಮಾನಕ್ಕೆ ಕಾರಣಗಳು ಸಾಕಷ್ಟಿರುವಾಗ, ಸತ್ಯವಾಗಿಯೇ ಬೀದಿಗೆ ಬಿದ್ದ ಹಿರಿಯರಿಗೂ ತಮ್ಮ ಮಾತನ್ನು ಸಾಬೀತು ಮಾಡುವ ಹೊರೆ ಹೆಚ್ಚುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕೆಟ್ಟ ಮಕ್ಕಳ ಮಾತು. ದಾನಪತ್ರದ ಅಪಾಯ ಒಳ್ಳೆಯ ಮಗನಿದ್ದರೂ ತಪ್ಪುವುದಿಲ್ಲ ಎಂಬುದು ನಮ್ಮ ಚರ್ಚೆಗಳಲ್ಲಿ ಬರುವುದೇ ಇಲ್ಲ. ಅಪ್ಪ ಇದ್ದ ಒಂದೇ ಮನೆಯನ್ನು ಮಗನಿಗೆ ದಾನ ಕೊಟ್ಟ ಎನ್ನಿ. ಮಗ ಚಿನ್ನದಂಥವನು, ಆದರೆ ನಲವತ್ತೈದಕ್ಕೇ ತೀರಿಕೊಂಡ, ವಿಲ್ ಬರೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ತಂದೆ ಮೊದಲ ದರ್ಜೆಯ ವಾರಸುದಾರರ ಪಟ್ಟಿಯಲ್ಲಿಲ್ಲ, ಅವನಿರುವುದು ಎರಡನೆಯ ದರ್ಜೆಯಲ್ಲಿ. ತಾನೇ ಕಟ್ಟಿಸಿದ ಮನೆಯಲ್ಲಿ ಅಪ್ಪನಿಗೆ ಒಂದು ಇಟ್ಟಿಗೆಯೂ ಇಲ್ಲ. ಮಗಳಿಗೆ ಕೊಟ್ಟರೂ ಇಂಥದೇ ಇನ್ನೊಂದು ಬಿರುಕು. ಮಕ್ಕಳಿಲ್ಲದ ಹೆಣ್ಣು ತೀರಿಕೊಂಡರೆ, ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ತವರಿನ ಕಡೆಗೆ ಮರಳುತ್ತದೆ ಎಂದು ಅದೇ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಆದರೆ ದಾನವಾಗಿ ಬಂದದ್ದು ಉತ್ತರಾಧಿಕಾರವಲ್ಲ. ಅದು ಗಂಡನಿಗೆ, ಅವನಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಮಗ ವ್ಯಾಪಾರದಲ್ಲಿ ಸೋತು ಸಾಲಗಾರರು ಬಾಗಿಲಿಗೆ ಬಂದರೆ, ಅವರು ಜಪ್ತಿ ಮಾಡುವ ಆಸ್ತಿಯಲ್ಲಿ ದಾನದ ಮನೆಯೂ ಸೇರುತ್ತದೆ. ಇಲ್ಲೆಲ್ಲ ಯಾರ ಮೋಸವೂ ಇಲ್ಲ, ಯಾರನ್ನು ಬೈದೂ ಪ್ರಯೋಜನವಿಲ್ಲ. ಸ್ವತ್ತು ಒಬ್ಬರ ಹೆಸರಿಗೆ ಹೋದ ಮೇಲೆ ಅವರ ಹಣೆಬರಹವನ್ನೂ ಹಂಚಿಕೊಳ್ಳುತ್ತದೆ.

ಹಾಗಾದರೆ ಬದುಕಿರುವಾಗ ಕೊಡಬಾರದೇ? ಹೆಚ್ಚಿನವರ ಮಟ್ಟಿಗೆ ನನ್ನ ಉತ್ತರ: ಮನೆಯನ್ನು, ಜೀವನಾಧಾರವಾದ ಜಮೀನನ್ನು ಕೊಡಬೇಡಿ, ಮರಣಶಾಸನ, ಅಂದರೆ ವಿಲ್ ಬರೆದಿಡಿ. ವಿಲ್ ಜಾರಿಗೆ ಬರುವುದು ಬರೆದವರ ಕಾಲಾನಂತರ. ಬದುಕಿರುವವರೆಗೂ ಆಸ್ತಿ ಅವರದೇ, ಮನಸ್ಸು ಬದಲಾದರೆ ವಿಲ್ ಬದಲಾಯಿಸಬಹುದು, ಕೊನೆಯದಾಗಿ ಬರೆದದ್ದೇ ಊರ್ಜಿತ. ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಕಡ್ಡಾಯವಲ್ಲ, ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಕಾನೂನಿಗೆ ಸಾಕು. ಮುಚ್ಚಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಯ ಬಳಿ ಇರಿಸುವ ಅವಕಾಶ ನೋಂದಣಿ ಕಾಯ್ದೆಯಲ್ಲಿ ನೂರು ವರ್ಷಗಳಿಂದಲೂ ಇದೆ, ಬಳಸುವವರು ವಿರಳ. ಸ್ವಯಾರ್ಜಿತ ಆಸ್ತಿಯನ್ನಷ್ಟೇ ಅಲ್ಲ, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನೂ ಹಿಂದೂಗಳು ವಿಲ್ ಮೂಲಕ ಕೊಡಬಹುದು. ಮಕ್ಕಳ ಪಾಲನ್ನು ಮಾತ್ರ ಮುಟ್ಟುವಂತಿಲ್ಲ, ಮತ್ತು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಾಗೂ ಅದನ್ನು ವಿವರಿಸಿದ ಸುಪ್ರೀಂ ಕೋರ್ಟಿನ 2020ರ ಇನ್ನೊಂದು ತೀರ್ಪಿನ ನಂತರ ಮಕ್ಕಳೆಂದರೆ ಹೆಣ್ಣುಮಕ್ಕಳೂ ಹೌದು. ಮುಸ್ಲಿಮರಿಗೆ ವೈಯಕ್ತಿಕ ಕಾನೂನಿನಂತೆ, ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಿಲ್ ಮೂಲಕ ಕೊಡಲಾಗದು.

ವಿಲ್ ಎಂದೊಡನೆ ಬರುವ ಆಕ್ಷೇಪ: ‘ವಿಲ್ ಬರೆದಿಟ್ಟು ಹೋದರೆ ಕಣ್ಣುಮುಚ್ಚಿದ ಮೇಲೆ ಮಕ್ಕಳು ಕೋರ್ಟಿಗೆ ಹೋಗುತ್ತಾರೆ, ದಾನಪತ್ರವಾದರೆ ಎದುರಿಗೇ ಮುಗಿದುಹೋಗುತ್ತದೆ.’ ಇದನ್ನು ತಳ್ಳಿಹಾಕಲಾಗದು. ವಿಲ್ ಅನ್ನು ಸಾಬೀತು ಮಾಡುವ ಹೊರೆ ಅದನ್ನು ತೋರಿಸುವವರ ಮೇಲಿರುತ್ತದೆ, ಬರೆದವರು ಸಾಕ್ಷಿ ಹೇಳಲು ಬರುವುದಿಲ್ಲ. ಈ ವಿಷಯದಲ್ಲಿ ಇಂದಿಗೂ ದೇಶದ ನ್ಯಾಯಾಲಯಗಳೆಲ್ಲ ಉದ್ಧರಿಸುವ ತೀರ್ಪು ಹುಟ್ಟಿದ್ದು ಮೈಸೂರಿನ ಒಂದು ಪ್ರಕರಣದಿಂದ. 1958ರ ನವೆಂಬರಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪು ಕೇಳುವ ಪ್ರಶ್ನೆಗಳು ಸರಳ. ವಿಲ್‌ನಿಂದ ಲಾಭ ಪಡೆಯುವವನೇ ಅದನ್ನು ಬರೆಸಲು ಮುಂದೆ ನಿಂತಿದ್ದನೇ? ಸಹಜ ವಾರಸುದಾರರನ್ನು ಕಾರಣವಿಲ್ಲದೆ ಕೈಬಿಡಲಾಗಿದೆಯೇ? ಬರೆದವರ ಬುದ್ಧಿ ಸ್ವಸ್ಥವಾಗಿತ್ತೇ? ಅನುಮಾನಗಳಿದ್ದರೆ ಅವನ್ನು ನಿವಾರಿಸಿದ ಮೇಲಷ್ಟೇ ವಿಲ್ ನಿಲ್ಲುತ್ತದೆ. ವಿಲ್ ಬರೆಯುವವರು ಈ ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡರೆ ಅರ್ಧ ವ್ಯಾಜ್ಯ ಅಲ್ಲೇ ಮುಗಿಯಿತು. ಆಸ್ತಿ ಪಡೆಯುವ ಮಗ ಆ ದಿನ ಜೊತೆಗೆ ಬರಬಾರದು, ಸಾಕ್ಷಿಯಂತೂ ಆಗಲೇಬಾರದು. ಸಾಕ್ಷಿಗಳು ತಮಗಿಂತ ಚಿಕ್ಕವರಿರಲಿ. ಎಂಬತ್ತರ ವೃದ್ಧರ ವಿಲ್‌ಗೆ ಎಂಬತ್ತೆರಡರ ಗೆಳೆಯ ಸಾಕ್ಷಿ ಹಾಕಿದರೆ ನಾಳೆ ಕಟಕಟೆಗೆ ಬರುವವರು ಯಾರು? ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಎಂದಾದರೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದಿಡಬೇಕು. ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿದ್ದರೆ ಇನ್ನೂ ಗಟ್ಟಿ. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿದರೆ ಒಳ್ಳೆಯದು, ಆದರೆ ನೋಂದಣಿಯಾದ ಮಾತ್ರಕ್ಕೆ ವಿಲ್ ಸಾಬೀತಾದಂತಲ್ಲ. ಇನ್ನು ನಾಮಿನಿಯನ್ನೇ ವಾರಸುದಾರ ಎಂದು ತಿಳಿದಿರುವವರು ಬಹಳ. ಬ್ಯಾಂಕ್ ಠೇವಣಿಗೆ ಈಗ ನಾಲ್ವರವರೆಗೆ ನಾಮಿನಿ ಮಾಡಬಹುದು. ಆದರೆ ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆಯುವವನು ಮಾತ್ರ, ಅದರ ಒಡೆಯರು ವಿಲ್ ಅಥವಾ ಉತ್ತರಾಧಿಕಾರ ಕಾನೂನು ಹೇಳಿದವರು. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೀಗೆಯೇ ಹೇಳಿದೆ.

ಹಳ್ಳಿಯ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಜಮೀನು ಉಳುವವನು ಮಗ, ಪಹಣಿ ಅಪ್ಪನ ಹೆಸರಿನಲ್ಲಿ. ಬೆಳೆಸಾಲಕ್ಕೆ, ಬೆಳೆ ಪರಿಹಾರಕ್ಕೆ, ಬೋರ್‌ವೆಲ್ ಕೊರೆಸುವ ಸಾಲಕ್ಕೆ ಮಗ ಪ್ರತಿಸಲ ಎಪ್ಪತ್ತೈದರ ಅಪ್ಪನನ್ನು ಬ್ಯಾಂಕಿಗೆ, ನಾಡಕಚೇರಿಗೆ ಕರೆದೊಯ್ಯಬೇಕು. ಐವತ್ತಾದರೂ ಮಗ ಅಪ್ಪನ ಹೆಸರಿನ ನೆರಳಲ್ಲೇ ದುಡಿಯುತ್ತಿದ್ದರೆ ಭೂಮಿಗೆ ಬಂಡವಾಳ ಹಾಕುವ ಹುಮ್ಮಸ್ಸೂ ಬರದು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಎಂದು ಅಲೆಯಬೇಕು. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಸತ್ತವರ ಹೆಸರಿನಲ್ಲೇ ಉಳಿದು, ಕಂದಾಯ ಇಲಾಖೆ ಪೌತಿ ಖಾತೆಗೆಂದೇ ಆಂದೋಲನ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಕೊಡದೇ ಹಿಡಿದಿಟ್ಟುಕೊಳ್ಳುವುದಕ್ಕೂ ಬೆಲೆಯಿದೆ, ಆ ಬೆಲೆಯನ್ನು ತೆರುವವರು ದುಡಿಯುವ ಮಕ್ಕಳು. ಇಲ್ಲಿ ‘ಕೊಡಬೇಡಿ’ ಎಂಬ ಸಲಹೆ ಸಾಲದು. ‘ಹೇಗೆ ಕೊಡಬೇಕು’ ಎಂಬುದನ್ನು ಹೇಳಬೇಕು.

ಕೊಟ್ಟೂ ಇಟ್ಟುಕೊಳ್ಳುವ ದಾರಿ ಕಾನೂನಿನಲ್ಲಿದೆ. ದಾನಿ ತಾನು ಬದುಕಿರುವವರೆಗೆ ಸ್ವಾಧೀನವನ್ನೂ ಉತ್ಪನ್ನವನ್ನು ಅನುಭವಿಸುವ ಹಕ್ಕನ್ನೂ ತನ್ನಲ್ಲೇ ಉಳಿಸಿಕೊಂಡು ಒಡೆತನವನ್ನು ದಾನ ಮಾಡಿದರೆ ಆ ದಾನ ಸಿಂಧು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಸ್ಪಷ್ಟಪಡಿಸಿದೆ. ಮನೆಯಾದರೆ ‘ನಾನೂ ನನ್ನ ಹೆಂಡತಿಯೂ ನಮ್ಮ ಜೀವಿತಾವಧಿಯವರೆಗೆ ಕೆಳಮನೆಯಲ್ಲಿ ವಾಸಿಸುವ ಹಕ್ಕನ್ನೂ ಮೇಲ್ಮನೆಯ ಬಾಡಿಗೆಯನ್ನೂ ಉಳಿಸಿಕೊಂಡಿದ್ದೇವೆ’ ಎಂದು ಬರೆಸಬಹುದು. ಜಮೀನಾದರೆ ನಾಲ್ಕು ಎಕರೆಯಲ್ಲಿ ಮೂರನ್ನು ಮಗನಿಗೆ ಕೊಟ್ಟು ಒಂದನ್ನು ಇಟ್ಟುಕೊಳ್ಳಬಹುದು; ಹಿಂದಿನವರು ಪಾಲುಪಟ್ಟಿ ಮಾಡುವಾಗ ಮುದುಕರ ಜೀವನಾಂಶಕ್ಕೆಂದು ಒಂದು ತುಂಡು ಬಿಡುತ್ತಿದ್ದರು, ಅದೇ ಲೆಕ್ಕ. ಇದರ ಜೊತೆಗೆ ಪೋಷಣೆಯ ಷರತ್ತನ್ನು ಪತ್ರದ ಒಳಗೇ ಸೇರಿಸಬೇಕು. ‘ನೋಡಿಕೊಳ್ಳತಕ್ಕದ್ದು’ ಎಂಬ ಒಂದೇ ಪದ ಸಾಲದು. ಎಲ್ಲಿ ವಾಸ, ತಿಂಗಳಿಗೆ ಕೈಗೆ ಎಷ್ಟು, ಔಷಧಿ–ಆಸ್ಪತ್ರೆಯ ಖರ್ಚು ಯಾರದು, ದಂಪತಿಯಲ್ಲಿ ಒಬ್ಬರು ಹೋದ ಮೇಲೆ ಉಳಿದವರ ಗತಿ ಏನು, ತಮ್ಮ ಒಪ್ಪಿಗೆಯಿಲ್ಲದೆ ಅಡವಿಡಬಹುದೇ, ತಪ್ಪಿದರೆ 2007ರ ಕಾಯ್ದೆಯಂತೆ ದಾನ ರದ್ದು ಮಾಡಿಸುವ ಹಕ್ಕು ಇದೆಯೇ ಎಂಬುದೆಲ್ಲ ಇರಬೇಕು. ಜಮೀನಾದರೆ ಈ ಹಕ್ಕುಗಳು ಪಹಣಿಯ 11ನೇ ಕಾಲಂನಲ್ಲಿ ನಮೂದಾಗುವಂತೆ ನೋಡಿಕೊಳ್ಳಬೇಕು. ನಾಳೆ ಕೊಳ್ಳಲು ಬರುವವರು ಪಹಣಿ, ಋಣಭಾರ ಪತ್ರ ತೆಗೆಸಿದಾಗಲೇ ಕಣ್ಣಿಗೆ ಬೀಳುವುದರಿಂದ ‘ನನಗೆ ಗೊತ್ತಿರಲಿಲ್ಲ’ ಎಂಬ ವಾದಕ್ಕೆ ಎಡೆಯಿರದು. ಇಂಥ ಪತ್ರವನ್ನು ಬ್ಯಾಂಕುಗಳು ಸಾಲಕ್ಕೆ ಅಷ್ಟು ಸಲೀಸಾಗಿ ಒಪ್ಪವು ಎನ್ನುವುದು ನಿಜ. ಮಗ ಸಾಲಕ್ಕೆ ಇಡುವ ಮೂರು ಎಕರೆ ಬೇರೆ, ಅಪ್ಪ ಉಣ್ಣುವ ಒಂದು ಎಕರೆ ಬೇರೆ ಎಂದು ಮೊದಲೇ ವಿಂಗಡಿಸಿದರೆ ಆ ತೊಡಕೂ ತಗ್ಗುತ್ತದೆ.

‘ಹೆತ್ತ ಮಗನ ಹತ್ತಿರ ಕರಾರು ಬರೆಸಿಕೊಳ್ಳುವುದೇ? ಅಷ್ಟೂ ನಂಬಿಕೆ ಬೇಡವೇ?’ ಎಂದು ಕೇಳುವವರಿದ್ದಾರೆ. ಬಹುಪಾಲು ಮನೆಗಳಲ್ಲಿ ವಿಷಯ ನಿಲ್ಲುವುದೇ ಇಲ್ಲಿ. ಆದರೆ ನೋಂದಾಯಿತ ದಾನಪತ್ರವೇ ಒಂದು ಕರಾರಿನಷ್ಟು ಖಡಾಖಂಡಿತವಾದ ದಾಖಲೆ. ಅದರಲ್ಲಿ ಮಗನ ಹಕ್ಕನ್ನೆಲ್ಲ ಸಾಲುಸಾಲಾಗಿ ಬರೆಸುವಾಗ ಅಡ್ಡಬರದ ನಂಬಿಕೆ, ಅಪ್ಪನ ಊಟದ ಸಾಲು ಬಂದಾಗ ಮಾತ್ರ ಏಕೆ ನೋಯಬೇಕು? ಇನ್ನೊಂದು ಮಗ್ಗುಲಿನಿಂದ ನೋಡಿದರೆ ಈ ಬರಹ ನೋಡಿಕೊಳ್ಳುವ ಮಗನಿಗೇ ರಕ್ಷಣೆ. ಹತ್ತು ವರ್ಷ ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿದ ಮಗ, ಹೆಚ್ಚಾಗಿ ಅವನ ಹೆಂಡತಿ, ಕೊನೆಗೆ ‘ಅಮ್ಮನನ್ನು ಮರುಳು ಮಾಡಿ ಬರೆಸಿಕೊಂಡರು’ ಎಂಬ ಮಾತು ಕೇಳಬೇಕಾಗುತ್ತದೆ. ಯಾವ ಹೊಣೆಗೆ ಪ್ರತಿಯಾಗಿ ಯಾವ ಆಸ್ತಿ ಎಂದು ಪತ್ರದಲ್ಲೇ ಇದ್ದರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಅಣ್ಣತಮ್ಮಂದಿರಿಗೆ ಆ ಮಾತಾಡಲು ಬಾಯಿ ಬರುವುದಿಲ್ಲ. ಹೊಣೆಯನ್ನೆಲ್ಲ ಒಬ್ಬ ಮಗಳು ಹೊತ್ತು ಆಸ್ತಿಯೆಲ್ಲ ಗಂಡುಮಕ್ಕಳಿಗೆ ಹೋಗಿರುವ ಮನೆಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಬರೆಯಲು ಕೂತರೆ ಆ ಅನ್ಯಾಯ ಕಾಗದದ ಮೇಲೆ ಎದ್ದುಕಾಣುತ್ತದೆ. ಬರೆಯಲು ಹಿಂಜರಿಯುವುದಕ್ಕೆ ಅದೂ ಒಂದು ಕಾರಣವಿದ್ದೀತು.

ವಿಲ್ ಬರೆದಿಡಿ ಎಂಬ ನನ್ನ ವಾದಕ್ಕೆ ನಿಜವಾದ ಸವಾಲು ಬೇರೆಡೆ ಇದೆ. ವಿಲ್ ಮಾತಾಡುವುದು ಸತ್ತ ಮೇಲೆ. ಇಂದು ಮುಪ್ಪಿನ ಕಷ್ಟ ಇರುವುದು ಸಾವಿಗೆ ಹಿಂದಿನ ಐದು–ಹತ್ತು ವರ್ಷಗಳಲ್ಲಿ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜಿಸಿದೆ. ಬುದ್ಧಿ ಮಸುಕಾದ ಹಿರಿಯರ ಹೆಸರಿನಲ್ಲಿ ಮನೆ, ಠೇವಣಿ ಎಲ್ಲ ಇದ್ದರೂ ಅವರ ಚಿಕಿತ್ಸೆಗೇ ಅದನ್ನು ಬಳಸಲಾಗದ ಸ್ಥಿತಿ ಬರಬಹುದು. ಮಗನಿಗೆ ಜಿಪಿಎ, ಅಂದರೆ ಅಧಿಕಾರಪತ್ರ ಬರೆದುಕೊಟ್ಟಿದ್ದೇವೆ ಎಂದು ನಿಶ್ಚಿಂತರಾಗಿರುವವರು ಗಮನಿಸಬೇಕು: ನಮ್ಮ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರ ಬುದ್ಧಿ ಅಸ್ವಸ್ಥವಾದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಸತ್ತುಹೋಗುವ ಕಾಗದ ಅದು. ಬುದ್ಧಿ ಹೋದ ಮೇಲೂ ಊರ್ಜಿತವಾಗಿ ಉಳಿಯುವ ಅಧಿಕಾರಪತ್ರ ಇಂಗ್ಲೆಂಡಿನಲ್ಲಿದೆ, ಅಮೆರಿಕದಲ್ಲಿದೆ, ನಮ್ಮಲ್ಲಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯದ ಮೂಲಕ ಪಾಲಕರನ್ನು, ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಒಂದು ಅಧ್ಯಾಯವೇ ಇತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ರೋಗಿಯ ಹಕ್ಕುಗಳ ವಿಷಯದಲ್ಲಿ ಬಹಳ ಮುಂದಿದೆ, ಆದರೆ ಆಸ್ತಿಯ ಆ ಅಧ್ಯಾಯವನ್ನು ಕೈಬಿಟ್ಟಿತು. ಅದು ಹೇಳುವ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ವಿಷಯಕ್ಕಷ್ಟೇ ಸೀಮಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪಾಲಕತ್ವವಿದೆ, ಡಿಮೆನ್ಷಿಯಾದಂಥ ಸ್ಥಿತಿಗೆ ಅದನ್ನು ಬಳಸುವ ದಾರಿ ಇನ್ನೂ ಸವೆದಿಲ್ಲ. ಕೊನೆಗೆ ಕುಟುಂಬಗಳು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗುತ್ತವೆ. ಪ್ರಜ್ಞೆ ತಪ್ಪಿ ಮಲಗಿದವರಿಗೆ ಪಾಲಕರನ್ನು ನೇಮಿಸಲು ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ರೂಪಿಸಬೇಕಾಯಿತು, ಕಾನೂನು ಇಲ್ಲದ ಕಾರಣಕ್ಕೆ.

ಈ ಕೊರತೆಯನ್ನು ಸಂಸತ್ತು ತುಂಬಬೇಕು. ಅಲ್ಲಿಯವರೆಗೆ ಮಾಡಬಹುದಾದದ್ದು ಸ್ವಲ್ಪ ಇದೆ. ಠೇವಣಿಗಳನ್ನು ಗಂಡಹೆಂಡತಿ ಜಂಟಿ ಖಾತೆಗೆ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದಂತೆ ಬದಲಾಯಿಸಬಹುದು. ಆಸ್ತಿ ಹೆಚ್ಚಿದ್ದವರು, ಮುಖ್ಯವಾಗಿ ಬುದ್ಧಿ ಬೆಳೆಯದ ಮಗುವಿರುವ ಹೆತ್ತವರು, ಖಾಸಗಿ ಟ್ರಸ್ಟ್ ಮಾಡಬಹುದು. 1882ರ ಟ್ರಸ್ಟ್ ಕಾಯ್ದೆಯಡಿ ಮಾಡಿದ ಅಂಥ ಟ್ರಸ್ಟ್, ಬರೆದವರ ಬುದ್ಧಿ ಮಸುಕಾದರೂ ಕೆಲಸ ನಿಲ್ಲಿಸುವುದಿಲ್ಲ, ಟ್ರಸ್ಟಿಗಳು ಅವರ ಹಿತಕ್ಕೇ ಹಣ ಬಳಸಬೇಕು. ಸಣ್ಣ ಆಸ್ತಿಯವರಿಗೆ ಅದರ ಖರ್ಚು, ಲೆಕ್ಕಪತ್ರ ಭಾರವೇ. ಅಂಥವರಿಗೆ ಮೇಲೆ ಹೇಳಿದ, ಜೀವಿತಾವಧಿ ಹಕ್ಕನ್ನು ಉಳಿಸಿಕೊಂಡ ಷರತ್ತಿನ ದಾನಪತ್ರವೇ ವಿಲ್‌ಗಿಂತ ಮೇಲಾದೀತು. ಈ ಒಂದು ಸಂದರ್ಭದಲ್ಲಿ ನನ್ನ ಶಿಫಾರಸು ತಿರುವುಮುರುವಾಗುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಕೊನೆಗಾಲದ ಚಿಕಿತ್ಸೆಯ ಬಗ್ಗೆ, ಬದುಕುಳಿಯುವ ಭರವಸೆ ಇಲ್ಲದಾಗ ಯಂತ್ರಗಳ ಮೇಲೆ ಇಡಬೇಡಿ ಎಂದು ಮುಂಚಿತವಾಗಿ ಬರೆದಿಡಲು 2018ರಿಂದ ಅವಕಾಶವಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಕ್ರಮವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದರ ಜಾರಿಗೆ ಆದೇಶ ಹೊರಡಿಸಿತು. ಇದೂ, ವಿಲ್ಲೂ, ಷರತ್ತಿನ ದಾನವೂ ಬುದ್ಧಿ ಸ್ವಸ್ಥವಿರುವಾಗಲೇ ಆಗಬೇಕಾದ ಕೆಲಸಗಳು. ಆಸ್ಪತ್ರೆಯ ಮಂಚದ ಮೇಲೆ ಹಾಕಿಸಿದ ಹೆಬ್ಬೆಟ್ಟಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದನ್ನು ಮೈಸೂರಿನ ತೀರ್ಪು ಹೇಳಿಯಾಗಿದೆ.

ಕಾಯ್ದೆಯನ್ನೇ ಬಿಗಿ ಮಾಡಿದರೆ ಸಾಲದೇ ಎನ್ನುವವರೂ ಇದ್ದಾರೆ. 10,000 ರೂಪಾಯಿಯ ಮಿತಿ ತೆಗೆಯುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, ಆ ಸದನದ ಅವಧಿಯೊಂದಿಗೆ ಬಿದ್ದುಹೋಯಿತು. ಅದು ಮತ್ತೆ ಬರಲಿ. ಆದರೆ ನಾನು ಹೇಳುತ್ತಿರುವುದಕ್ಕೆ ಸಂಸತ್ತಿನ ಅಗತ್ಯವೇ ಇಲ್ಲ. 2023ರಿಂದ ನಮ್ಮ ಉಪನೋಂದಣಿ ಕಚೇರಿಗಳು ಕಾವೇರಿ 2.0 ತಂತ್ರಾಂಶದಲ್ಲಿ ಕೆಲಸ ಮಾಡುತ್ತಿವೆ, ಪತ್ರದ ವಿವರಗಳನ್ನು ಮೊದಲೇ ಅದರಲ್ಲಿ ತುಂಬಬೇಕು. ದಾನಿಗೆ ಅರವತ್ತು ದಾಟಿದ್ದರೆ ಆ ನಮೂನೆ ಎರಡು ಪ್ರಶ್ನೆ ಹೆಚ್ಚಿಗೆ ಕೇಳಲಿ. ದಾನಿಯ ಪೋಷಣೆಯ ಷರತ್ತು ಈ ಪತ್ರದಲ್ಲಿದೆಯೇ, ಜೀವಿತಾವಧಿಯ ವಾಸ ಅಥವಾ ಉತ್ಪನ್ನದ ಹಕ್ಕನ್ನು ದಾನಿ ಉಳಿಸಿಕೊಂಡಿದ್ದಾರೆಯೇ ಎಂದು. ಉತ್ತರವನ್ನು ಉಪನೋಂದಣಾಧಿಕಾರಿ, ಮಕ್ಕಳನ್ನು ಎರಡು ನಿಮಿಷ ಹೊರಗೆ ಕೂರಿಸಿ, ದಾನಿಯ ಬಾಯಿಂದಲೇ ಕೇಳಿ ದಾಖಲಿಸಲಿ. ‘ಇಲ್ಲ’ ಎನ್ನುವವರು ಇರುತ್ತಾರೆ, ಇರಲಿ. ಪೂರ್ತಿಯಾಗಿ, ಏನನ್ನೂ ಬಯಸದೆ ಕೊಡುವುದು ಅವರ ಹಕ್ಕು, ಆ ಹಕ್ಕನ್ನು ಸರ್ಕಾರ ಕಸಿಯಬೇಕಿಲ್ಲ. ಆದರೆ ಉತ್ತರ ದಾಖಲಾಗಿದ್ದರೆ, ನಾಳೆ ಉಪವಿಭಾಗಾಧಿಕಾರಿಯ ಮುಂದೆ ಷರತ್ತು ಇತ್ತೋ ಇರಲಿಲ್ಲವೋ ಎಂದು ತಾಯಿ–ಮಗ ಎದುರುಬದುರು ನಿಂತಾಗ, ಊಹಿಸಬೇಕಾದ ಪ್ರಮೇಯ ಅಧಿಕಾರಿಗೆ ಬರುವುದಿಲ್ಲ.